ಶಾಲಾ ಕೌನ್ಸೆಲಿಂಗ್, ಮಾನಸಿಕ ಆರೋಗ್ಯ ಕೌನ್ಸೆಲಿಂಗ್: ಎರಡಕ್ಕೂ ಸಲ್ಲುವ ಹಾಗೆ ಪಿಜಿ ಮಾಡುವುದು ಹೇಗೆ?

ನೀರ್ಚಾಲು_ಸೈಕಾಲಜಿ

ಮನಃಶಾಸ್ತ್ರದಲ್ಲಿ ಡಿಗ್ರಿ ಮುಗಿಸಿ ಮುಂದೇನು ಎಂದು ನೋಡುವ ಕಾಸರಗೋಡಿನ ಕನ್ನಡ ಮಾಧ್ಯಮದವರ ಪರವಾಗಿ ಕೇಳ್ತಿದ್ದೇನೆ. ಗುರಿ ಎರಡುಂಟು: ಶಾಲೆಯಲ್ಲಿ ಕೌನ್ಸೆಲರ್ ಆಗುವುದು, ಜೊತೆಗೆ ಆಸ್ಪತ್ರೆಯಲ್ಲೋ ಸ್ವಂತ ಕೇಂದ್ರದಲ್ಲೋ ದೊಡ್ಡವರನ್ನೂ ನೋಡುವುದು. ಎರಡಕ್ಕೂ ಸಾಲುವ ಒಂದೇ ಕೋರ್ಸ್ ಉಂಟಾ? ಎಂಎಸ್ಸಿಯಾ, ಸಮಾಜಕಾರ್ಯದ ಪಿಜಿಯಾದ ಎಂಎಸ್‌ಡಬ್ಲ್ಯುವಾ? ಕಣ್ಣೂರಾ, ಮಂಗಳೂರಾ? ಒಂದು ವರ್ಷದ ಡಿಪ್ಲೊಮಾ ಸಾಕು ಎನ್ನುವವರೂ ಇದ್ದಾರೆ.

ಪಯಸ್ವಿನಿ_ಕರೆ

ಒಂದೇ ಕೋರ್ಸ್ ಇಲ್ಲ. ಒಂದು ಬುನಾದಿ ಹಾಕಿ ಅದರ ಮೇಲೆ ಇನ್ನೊಂದನ್ನು ಕಟ್ಟಬೇಕು. ಬುನಾದಿ ಯಾವುದು ಎಂಬಲ್ಲೇ ಹೆಚ್ಚಿನವರು ಎಡವುವುದು.

ನಮ್ಮಲ್ಲಿ ‘ಕೌನ್ಸೆಲರ್’ ಎಂಬ ಹೆಸರು ಯಾರೂ ಹಾಕಿಕೊಳ್ಳಬಹುದಾದಷ್ಟು ಸಡಿಲವಾಗಿ ಉಳಿದಿದೆ. ‘ಕ್ಲಿನಿಕಲ್ ಸೈಕಾಲಜಿಸ್ಟ್’ ಹಾಗಲ್ಲ. ಅದಕ್ಕೆ ಭಾರತೀಯ ಪುನರ್ವಸತಿ ಮಂಡಳಿಯ, ಅಂದರೆ ಆರ್‌ಸಿಐಯ ನೋಂದಣಿ ಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅದನ್ನು ಬಿಡಿಸಿ ಹೇಳ್ತದೆ: ಆರ್‌ಸಿಐ ಒಪ್ಪಿದ ಸಂಸ್ಥೆಯಿಂದ ಕ್ಲಿನಿಕಲ್ ಸೈಕಾಲಜಿಯಲ್ಲಿ ಮಾನ್ಯ ಅರ್ಹತೆ ಇರಬೇಕು, ಇಲ್ಲವೇ ಮನಃಶಾಸ್ತ್ರದ ಪಿಜಿ ಆದ ಮೇಲೆ ಎರಡು ವರ್ಷದ ಪೂರ್ಣಾವಧಿ ಎಂಫಿಲ್, ಅದೂ ಮೇಲ್ವಿಚಾರಣೆಯಲ್ಲಿ ನಡೆದ ಆಸ್ಪತ್ರೆ ತರಬೇತಿಯೊಂದಿಗೆ.

ಆದ್ದರಿಂದ ಎಂಎಸ್ಸಿಯ ಹೆಸರಿನಲ್ಲಿ ‘ಕ್ಲಿನಿಕಲ್’ ಎಂದಿದ್ದ ಮಾತ್ರಕ್ಕೆ ನೋಂದಣಿ ಸಿಗುವುದಿಲ್ಲ. ಕಣ್ಣೂರು ವಿಶ್ವವಿದ್ಯಾಲಯದ ಮಾಂಗಾಟ್ಟುಪರಂಬ ಕ್ಯಾಂಪಸ್ಸಿನಲ್ಲಿ ಕ್ಲಿನಿಕಲ್ ಆಂಡ್ ಕೌನ್ಸೆಲಿಂಗ್ ಸೈಕಾಲಜಿ ಎಂಎಸ್ಸಿ ಉಂಟು. ಎರಡು ದಾರಿಗೂ ಒಳ್ಳೆಯ ಬುನಾದಿ. ಆದರೆ ಯಾವ ಊರಿನ ಯಾವ ಎಂಎಸ್ಸಿಯೇ ಆಗಲಿ, ಆರ್‌ಸಿಐ ಅನುಮೋದನೆ ಇದೆಯೇ ಎಂದು ಆರ್‌ಸಿಐಯ ಪಟ್ಟಿಯಲ್ಲೇ ನೋಡಿ. ಕಾಲೇಜಿನ ಕರಪತ್ರದಲ್ಲಿ ಅಲ್ಲ.

ಎಂಫಿಲ್ ವಿಷಯದಲ್ಲಿ ಎಚ್ಚರ ಬೇಕು. ಯುಜಿಸಿ ಎಂಫಿಲ್ ಪದವಿಯನ್ನೇ ನಿಲ್ಲಿಸಿದಾಗ ಕ್ಲಿನಿಕಲ್ ಸೈಕಾಲಜಿಗೂ ಸೈಕಿಯಾಟ್ರಿಕ್ ಸೋಶಿಯಲ್ ವರ್ಕಿಗೂ (ಮಾನಸಿಕ ರೋಗಿಗಳ ಜೊತೆಗಿನ ಸಮಾಜಕಾರ್ಯ) ಮಾತ್ರ 2025-26ರ ವರೆಗೆ ವಿನಾಯಿತಿ ಕೊಟ್ಟಿತ್ತು. ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಮಣಿಪಾಲ, ಕೋಯಿಕ್ಕೋಡಿನ ಇಮ್ಹಾನ್ಸ್ ಇಂಥ ಸಂಸ್ಥೆಗಳ ಹೆಸರು ಕೇಳಿ ಹೊರಡುವವರು ಆ ವರ್ಷದ ಪ್ರವೇಶ ಪ್ರಕಟಣೆಯಲ್ಲಿ ಕೋರ್ಸಿನ ಹೆಸರು ಏನಿದೆ, ಪಕ್ಕದಲ್ಲಿ ಆರ್‌ಸಿಐ ಒಪ್ಪಿಗೆ ಎಷ್ಟು ಸೀಟಿಗೆ ಇದೆ ಎರಡನ್ನೂ ಓದಿ.

ಡಿಪ್ಲೊಮಾ ಒಂದೇ ಸಾಕಾ ಎಂದರೆ, ಕೆಲವು ಶಾಲೆಗಳಿಗೆ ಸಾಕು. ಆಸ್ಪತ್ರೆಗೆ ಸಾಲದು.

ಬದಿಯಡ್ಕ_ಸಮಾಜಕಾರ್ಯ

ಎಂಎಸ್‌ಡಬ್ಲ್ಯುವನ್ನು ಪಕ್ಕಕ್ಕಿಡಬೇಡಿ. ಕೇರಳದ ಮಹಿಳಾ ಮತ್ತು ಶಿಶು ಅಭಿವೃದ್ಧಿ ಇಲಾಖೆ ಸರಕಾರಿ ಶಾಲೆಗಳಿಗೆ ನೇಮಿಸುವ ಸೈಕೋ-ಸೋಶಿಯಲ್ ಕೌನ್ಸೆಲರ್ ಕೆಲಸಕ್ಕೆ ಮನಃಶಾಸ್ತ್ರದ ಪಿಜಿಯಷ್ಟೇ ಮೆಡಿಕಲ್ ಆಂಡ್ ಸೈಕಿಯಾಟ್ರಿ ವಿಶೇಷದ ಎಂಎಸ್‌ಡಬ್ಲ್ಯುವೂ ಸಲ್ಲುತ್ತದೆ. ಕೆಲಸ ಗುತ್ತಿಗೆಯದ್ದು, ಅದು ತಿಳಿದಿರಲಿ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎಂಎಸ್‌ಡಬ್ಲ್ಯು ಉಂಟು, ಮಂಗಳೂರಿನ ರೋಶನಿ ನಿಲಯದಲ್ಲಿ ಉಂಟು.

ಎಂಎಸ್‌ಡಬ್ಲ್ಯು ಕಲಿಸುವುದು ಮನೆಯನ್ನು ನೋಡಲಿಕ್ಕೆ. ಶಾಲೆಗೆ ಬಾರದ ಮಗುವಿನ ಸಮಸ್ಯೆ ಅರ್ಧಕ್ಕರ್ಧ ಮಗುವಿನ ಒಳಗೆ ಇರುವುದಿಲ್ಲ. ಅಪ್ಪನ ಕುಡಿತ, ಅಮ್ಮನ ಬೀಡಿ ಕಟ್ಟುವ ದುಡಿಮೆ, ಹಾಸಿಗೆ ಹಿಡಿದ ಒಡಹುಟ್ಟು, ಇಂಥದ್ದೇ ಇರ್ತದೆ. ಎಂಡೋಸಲ್ಫಾನ್ ಬಾಧಿತ ಎಣ್ಮಕಜೆ ಕಡೆಯ ಶಾಲೆಗಳಲ್ಲಿ ಅಂಗವಿಕಲ ಅಣ್ಣನನ್ನು ನೋಡಿಕೊಳ್ಳುವ ತಂಗಿ ತರಗತಿಯಲ್ಲಿ ತೂಕಡಿಸಿದರೆ ಗಮನ ಕೊರತೆ ಎಂದು ಬರೆದುಬಿಡುವವರಿದ್ದಾರೆ. ಮನೆಭೇಟಿ ಆಗದೆ ಅಂಥ ತೀರ್ಮಾನ ಬರೆಯಬಾರದು.

ಎಂಎಸ್‌ಡಬ್ಲ್ಯುವಿನ ಮಿತಿಯೂ ಹೇಳ್ತೇನೆ. ಅದರ ಮೇಲೆ ಆರ್‌ಸಿಐ ಕ್ಲಿನಿಕಲ್ ಸೈಕಾಲಜಿಗೆ ದಾರಿ ಇಲ್ಲ, ಸೈಕಿಯಾಟ್ರಿಕ್ ಸೋಶಿಯಲ್ ವರ್ಕಿಗೆ ಮಾತ್ರ. ಬುದ್ಧಿಮತ್ತೆ ಪರೀಕ್ಷೆ ಮಾಡಿ ವರದಿಗೆ ಸಹಿ ಹಾಕುವ ಆಸೆ ಇದ್ದರೆ ಎಂಎಸ್ಸಿಗೇ ಹೋಗಿ.

ಜತ್ತದ_ಕನ್ನಡಿಗ

ನಮ್ಮ ಕಡೆ ಜತ್ತ, ಅಕ್ಕಲಕೋಟ ಭಾಗದಾಗ ಭಾಳ ಮಂದಿ ಮಾಸ್ತರ್‍ರು ನೌಕರಿ ಮಾಡಕೋತ ದೂರಶಿಕ್ಷಣದಾಗ ಎಂಎ ಸೈಕಾಲಜಿ ಮಾಡೋಣು ಅಂತಾರ. ಅದು ನಡೀತದೇನು? ಮತ್ತ ಗಡಿನಾಡ ಕನ್ನಡಿಗ ಕೋಟಾ ಪಿಜಿಗೂ ಸಿಗ್ತದೇನು?

ಪಯಸ್ವಿನಿ_ಕರೆ

ದೂರಶಿಕ್ಷಣ ಈಗ ಬೇಡ. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಮನಃಶಾಸ್ತ್ರವನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ಹೊಸದಾಗಿ ಕಲಿಸಬಾರದೆಂದು ಯುಜಿಸಿ ಹೇಳಿದೆ. ಕಾರಣ ಆರೋಗ್ಯ ಸೇವೆಯ ವೃತ್ತಿಗಳನ್ನು ನಿಯಂತ್ರಿಸುವ 2021ರ ಅಲೈಡ್ ಆಂಡ್ ಹೆಲ್ತ್‌ಕೇರ್ ಕಾಯ್ದೆ. ಆರ್‌ಸಿಐ ವ್ಯಾಪ್ತಿಯ ಕ್ಲಿನಿಕಲ್ ಸೈಕಾಲಜಿಸ್ಟರನ್ನು ಬಿಟ್ಟು ಉಳಿದ ಸೈಕಾಲಜಿಸ್ಟರು, ಆರೋಗ್ಯ ಕೌನ್ಸೆಲರುಗಳು, ಸೈಕಿಯಾಟ್ರಿಕ್ ಸೋಶಿಯಲ್ ವರ್ಕರುಗಳು ಆ ಕಾಯ್ದೆಯ ಪಟ್ಟಿಯಲ್ಲಿ ಬರ್ತಾರೆ. ಇನ್ನೂ ಜಾಹೀರಾತು ಹಾಕಿ ಶುಲ್ಕ ಕಟ್ಟಿಸಿಕೊಳ್ಳುವ ಮಧ್ಯವರ್ತಿಗಳ ಮಾತು ಕೇಳಿ ದುಡ್ಡು ಕಟ್ಟಬೇಡಿ.

ಇದೇ ಕಾಯ್ದೆಯಡಿ ಮುಂದೆ ನೋಂದಣಿ ಬರುವಾಗ ನೀವು ಯಾವ ವಿಷಯ ಎಷ್ಟು ಗಂಟೆ ಓದಿದಿರಿ, ಕ್ಷೇತ್ರಕಾರ್ಯ ಎಷ್ಟಾಯಿತು ಎಂದು ಕೇಳುವುದು ಸಹಜ. ಅದಕ್ಕೇ ಪ್ರತಿ ಸೆಮಿಸ್ಟರಿನ ಸಿಲೆಬಸ್ಸನ್ನು ವಿಭಾಗದ ಮುದ್ರೆಯೊಂದಿಗೆ ಆಗಿಂದಾಗ್ಗೆ ತೆಗೆದಿಟ್ಟುಕೊಳ್ಳಿ.

ಗಡಿನಾಡ ಕನ್ನಡಿಗರ ಕಲಂ ಇರುವುದು ಕರ್ನಾಟಕದ ಸಿಇಟಿಯಲ್ಲಿ. ಕಾಸರಗೋಡು, ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ್ ಎಲ್ಲ ಅದರಲ್ಲಿ ಬರ್ತವೆ. ಅದೇ ನಿಯಮ ಎಂಎಸ್ಸಿಗೂ ಎಂಎಸ್‌ಡಬ್ಲ್ಯುವಿಗೂ ತಾನಾಗಿ ಅನ್ವಯಿಸ್ತದೆ ಎಂದು ನಂಬಿ ಕೂರಬೇಡಿ. ವಿಶ್ವವಿದ್ಯಾಲಯದ ಪ್ರಾಸ್ಪೆಕ್ಟಸ್ಸಿನಲ್ಲಿ ಹೊರರಾಜ್ಯದವರ ಸೀಟಿನ ಪುಟ ಓದಿ.

ಇನ್ನೊಂದು ಮಾತು ಕಾಸರಗೋಡಿನವರಿಗೆ. ಕರ್ನಾಟಕದಲ್ಲಿ ಪಿಜಿ ಮಾಡಿ ಕೇರಳ ಪಿಎಸ್‌ಸಿಗೆ ಅರ್ಜಿ ಹಾಕುವಾಗ ಪದವಿಯ ಹೆಸರು ಪ್ರಕಟಣೆಯ ಹೆಸರಿಗೆ ಹೊಂದದಿದ್ದರೆ ತತ್ಸಮಾನ ಪ್ರಮಾಣಪತ್ರ ಕೇಳ್ತಾರೆ. ‘ಎಂಎಸ್ಸಿ ಕೌನ್ಸೆಲಿಂಗ್’ ಎಂದಷ್ಟೇ ಇರುವ ಪದವಿಗೆ ತೊಂದರೆ ಜಾಸ್ತಿ, ‘ಸೈಕಾಲಜಿ’ ಎಂಬ ಶಬ್ದ ಇದ್ದರೆ ಕಡಿಮೆ. ಸೇರುವ ಮೊದಲೇ ವಿಚಾರಿಸಿ.

ಪೆರ್ಲದ_ಮಾಷ್ಟ್ರು

ಶಾಲೆಯ ಕಡೆಯಿಂದ ನಾನು ಬರೆಯುತ್ತೇನೆ.

ಶಾಲಾ ಭಾಗಕ್ಕೆ ಒಳ್ಳೆಯದು ಎನ್‌ಸಿಇಆರ್‌ಟಿಯ ಗೈಡೆನ್ಸ್ ಆಂಡ್ ಕೌನ್ಸೆಲಿಂಗ್ ಡಿಪ್ಲೊಮಾ. ದಕ್ಷಿಣದವರಿಗೆ ಅದರ ಕೇಂದ್ರ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ. ಒಂದು ವರ್ಷ: ಮೊದಲ ಆರು ತಿಂಗಳು ಮನೆಯಿಂದಲೇ ಓದು, ಮೂರು ತಿಂಗಳು ಅಲ್ಲೇ ಇದ್ದು ತರಗತಿ, ಕೊನೆಯ ಮೂರು ತಿಂಗಳು ನಿಮ್ಮ ಊರಿನ ಶಾಲೆಯಲ್ಲಿ ಇಂಟರ್ನ್‌ಶಿಪ್. ಪಿಜಿ ಆದ ಮೇಲೆ ಇದನ್ನು ಮಾಡಿದರೆ ಎರಡೂ ಕಾಲು ನೆಲಕ್ಕೆ ಊರಿದ ಹಾಗೆ. ಸಿಬಿಎಸ್‌ಇ ಶಾಲೆಗಳಿಗೆ ಕೌನ್ಸೆಲಿಂಗ್ ಆಂಡ್ ವೆಲ್ನೆಸ್ ಟೀಚರ್ ಬೇಕೆಂಬ ನಿಯಮ ಇದೆ. ಅಲ್ಲಿಗೆ ಮನಃಶಾಸ್ತ್ರದ ಪದವಿಯೂ ಆಗ್ತದೆ, ಬೇರೆ ಪದವಿಯ ಜೊತೆ ಇಂಥ ಡಿಪ್ಲೊಮಾವೂ ಆಗ್ತದೆ.

ಕೆಲಸದ ಮಾತಿಗೆ ಬರುವಾ. ಕ್ಲಿನಿಕ್ಕಿನಲ್ಲಿ 50 ನಿಮಿಷ ಕೂರಿಸಿ ಮಾತಾಡಿ ಕಲಿತವರಿಗೆ ಶಾಲೆಯಲ್ಲಿ ಮೊದಲು ಕೈ ಕೊಡುವುದು ಗಂಟೆ. ಪೀರಿಯಡ್ ಇರುವುದೇ 40-45 ನಿಮಿಷ. ಮಗು ಬಂದು ಕೂತು, ಮರಳಿ ಹೋಗುವ ಹೊತ್ತು ಕಳೆದರೆ ಕೈಗೆ ಉಳಿಯುವುದು 30. ಒಂದು ಸಲಕ್ಕೆ ಒಂದೇ ವಿಷಯ ಹಿಡಿಯಿರಿ. ಕೊನೆಯ ಐದು ನಿಮಿಷ ಮಗುವನ್ನು ತರಗತಿಗೆ ಹೋಗುವ ಸ್ಥಿತಿಗೆ ತರಲಿಕ್ಕೆ ಬೇಕು. ಅಳು ಒರೆಸದೆ ಗಣಿತದ ಕ್ಲಾಸಿಗೆ ಕಳಿಸಿದರೆ ಆ ಮಗು ಇನ್ನೊಮ್ಮೆ ಬರುವುದಿಲ್ಲ.

ಯಾವ ಪೀರಿಯಡಿನಲ್ಲಿ ಕರೆಯುವುದು? ಪಿ.ಟಿ. ಪೀರಿಯಡಿನಲ್ಲಿ ಕರೆಯಬೇಡಿ, ಮಕ್ಕಳಿಗೆ ಅದು ಶಿಕ್ಷೆಯಾಗ್ತದೆ. ಪ್ರತಿ ವಾರ ಒಂದೇ ವಿಷಯದ ತರಗತಿಯಿಂದಲೂ ಕರೆಯಬೇಡಿ, ಪಾಠ ತಪ್ಪಿ ಆ ಟೀಚರು ನಿಮ್ಮ ವಿರುದ್ಧ ಆಗ್ತಾರೆ. ತರಗತಿಯ ಬಾಗಿಲಲ್ಲಿ ನಿಂತು ಹೆಸರು ಕೂಗುವುದಂತೂ ಬೇಡವೇ ಬೇಡ. ಚೀಟಿ ಕಳಿಸಿ, ಲೈಬ್ರರಿಗೂ ಆಫೀಸಿಗೂ ಬಳಸುವ ಅದೇ ಚೀಟಿ.

ಕೊಠಡಿ ಸ್ಟಾಫ್ ರೂಮಿಗೆ ತಾಗಿಕೊಂಡಿರಬಾರದು. ಒಳಗಿನ ಮಾತು ಹೊರಗೆ ಕೇಳಬಾರದು, ಆದರೆ ಒಳಗೆ ಇಬ್ಬರಿದ್ದಾರೆ ಎಂಬುದು ಹೊರಗಿನಿಂದ ಕಾಣಬೇಕು. ಬಾಗಿಲಿಗೆ ಗಾಜು ಬೇಕೆನ್ನುವುದು ಇದಕ್ಕೇ. ಅದು ಮಗುವಿಗೂ ರಕ್ಷೆ, ನಿಮಗೂ ರಕ್ಷೆ.

ಕೆಟ್ಟುಹೋಗುವುದು ಎಲ್ಲಿ ಎಂದರೆ, ಟೀಚರು ರಜೆ ಹಾಕಿದ ಪೀರಿಯಡಿಗೆ ಕೌನ್ಸೆಲರನ್ನು ಕಳಿಸುವಲ್ಲಿ ಮತ್ತು ಗಲಾಟೆ ಮಾಡಿದವರನ್ನು ಶಿಕ್ಷೆಯ ಹಾಗೆ ಕೌನ್ಸೆಲರ ಹತ್ತಿರ ದೂಡುವಲ್ಲಿ. ಎರಡನ್ನೂ ಜೂನ್ ತಿಂಗಳಲ್ಲೇ ಹೆಡ್‌ಮಾಷ್ಟ್ರ ಹತ್ತಿರ ಮಾತಾಡಿ ಬರವಣಿಗೆಯಲ್ಲಿ ಇಡಿ. ಓಣಂ ಕಳೆದ ಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ.

ಕುಂಬಳೆ_ಕಡಲು

ಗಂಟೆಯ ಲೆಕ್ಕ ನಾನು ಕೊಡ್ತೇನೆ, ಏಕೆಂದರೆ ಎರಡು ಕಡೆಗೂ ಸಲ್ಲಬೇಕಾದರೆ ಕ್ಷೇತ್ರಕಾರ್ಯವನ್ನು ಮೊದಲ ದಿನದಿಂದ ಎರಡು ಖಾತೆಯಲ್ಲಿ ಬರೆಯಬೇಕು.

ವಾರಕ್ಕೆ ಎರಡು ದಿನ, ದಿನಕ್ಕೆ 6 ಗಂಟೆ, 16 ವಾರದ ಸೆಮಿಸ್ಟರ್ ಎಂದರೆ 192 ಗಂಟೆ. ಮೂರು ಸೆಮಿಸ್ಟರಿಗೆ 576. ಒಂದು ಸೆಮಿಸ್ಟರ್ ಪೂರ್ತಿ ಶಾಲೆ, ಒಂದು ಪೂರ್ತಿ ಆಸ್ಪತ್ರೆಯ ಮಾನಸಿಕ ವಿಭಾಗ ಅಥವಾ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ, ಮೂರನೆಯದರಲ್ಲಿ ಒಂದೊಂದು ದಿನ. ಮೊದಲೇ ಒಂದೊಂದು ದಿನ ಹಂಚಿದರೆ ಎರಡೂ ಕಡೆ ನೀವು ಅತಿಥಿಯಾಗಿಯೇ ಉಳಿಯುತ್ತೀರಿ.

ಶಾಲೆಯ ಸೆಮಿಸ್ಟರನ್ನು ಜೂನಿನಲ್ಲಿ ಶುರುಮಾಡಿ. ಆದರೆ ನಮ್ಮ ಜೂನ್-ಜುಲೈ ಗೊತ್ತುಂಟಲ್ಲ, ಮಳೆಗೆ ಕಲೆಕ್ಟರು ರಜೆ ಕೊಟ್ಟರೆ ಆ ದಿನದ 6 ಗಂಟೆ ಹೋಯಿತು. ಓಣಂ, ಕ್ರಿಸ್‌ಮಸ್ ಪರೀಕ್ಷೆಯ ದಿನಗಳಲ್ಲಿ ಮಕ್ಕಳು ಸಿಗುವುದಿಲ್ಲ. ಆದ್ದರಿಂದ ಲೆಕ್ಕಕ್ಕಿಂತ ಹತ್ತು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಮಂಗಳೂರಲ್ಲಿ ಓದುವವರಿಗೆ ಒಂದು ಅನುಕೂಲ: ಅಲ್ಲಿ ದಸರಾ ರಜೆ ಇರುವಾಗ ಇಲ್ಲಿನ ಶಾಲೆಗಳು ಹೆಚ್ಚಿನ ದಿನ ನಡೆಯುತ್ತಿರ್ತವೆ. ಕಳೆದುಹೋದ ಗಂಟೆಗಳನ್ನು ಆಗ ತುಂಬಿಸಬಹುದು.

ಲಾಗ್ ಪುಸ್ತಕದಲ್ಲಿ ತಾರೀಕು, ಸ್ಥಳ, ಸಂಕೇತ ಸಂಖ್ಯೆ, ವಯಸ್ಸು, ಒಬ್ಬರೇ ಅಥವಾ ಗುಂಪು, ಎಷ್ಟು ನಿಮಿಷ, ಯಾವ ಭಾಷೆ, ಮೇಲ್ವಿಚಾರಕರ ಸಹಿ ಇಷ್ಟು ಕಲಂ ಇರಲಿ. ಮಗುವಿನ ಹೆಸರು ಬೇಡ. ಹೆಸರಿಗೂ ಸಂಕೇತಕ್ಕೂ ಹೊಂದಿಸುವ ಹಾಳೆ ಬೇರೆ ಕಡೆ ಬೀಗದಲ್ಲಿರಲಿ. ಎದುರು ಕೂತು ಮಾತಾಡಿದ ಗಂಟೆಯನ್ನೂ ವರದಿ ಬರೆದ, ಸಭೆಯಲ್ಲಿ ಕೂತ ಗಂಟೆಯನ್ನೂ ಬೇರೆಬೇರೆ ಕೂಡಿಸಿ. ಕೊನೆಯಲ್ಲಿ ಯಾರೇ ಕೇಳಿದರೂ ಮೊದಲು ಕೇಳುವುದು ಎದುರು ಕೂತ ಗಂಟೆ ಎಷ್ಟು ಎಂದೇ.

ಸಹಿ ವಾರಕ್ಕೊಮ್ಮೆ. ಗುತ್ತಿಗೆಯ ಮೇಲ್ವಿಚಾರಕರ ಅವಧಿ ಮಾರ್ಚ್ ಕೊನೆಗೆ ಮುಗಿದರೆ ಏಪ್ರಿಲಿನಲ್ಲಿ ಅವರನ್ನು ಹುಡುಕಿಕೊಂಡು ಹೋಗಬೇಕಾಗ್ತದೆ.

ಹೊರನಾಡ_ಕಾಸ್ರೋಡು

ಅಮೆರಿಕಕ್ಕೆ ಹೊರಟವರು ಈ ಅಂಕಿಗಳನ್ನು ಹೋಲಿಸಿ ನೋಡಿ. ಅಲ್ಲಿ ಕೌನ್ಸೆಲಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ಸಿಎಸಿಆರ್‌ಇಪಿ ಒಪ್ಪಿದ ಎಂಎ 60 ಕ್ರೆಡಿಟ್ಟಿನದ್ದು. ಪ್ರಾಕ್ಟಿಕಮ್, ಅಂದರೆ ಇಂಟರ್ನ್‌ಶಿಪ್ಪಿಗೆ ಮೊದಲಿನ ಅಭ್ಯಾಸ, 100 ಗಂಟೆ, ಅದರಲ್ಲಿ 40 ಎದುರು ಕೂತದ್ದು. ಇಂಟರ್ನ್‌ಶಿಪ್ 600 ಗಂಟೆ, ಅದರಲ್ಲಿ 240 ಎದುರು ಕೂತದ್ದು. ಶಾಲಾ ಕೌನ್ಸೆಲಿಂಗ್, ಕ್ಲಿನಿಕಲ್ ಮೆಂಟಲ್ ಹೆಲ್ತ್ ಎರಡನ್ನೂ ತೆಗೆದುಕೊಂಡರೆ ಇಂಟರ್ನ್‌ಶಿಪ್ ಪ್ರತಿಯೊಂದಕ್ಕೂ 600, ಅಂದರೆ ಒಟ್ಟು 1200. ಕೋರ್ ಪೇಪರುಗಳು ಎರಡಕ್ಕೂ ಒಂದೇ, ಆದ್ದರಿಂದ ಹೆಚ್ಚಾಗುವುದು ವಿಶೇಷ ಪೇಪರು ಮತ್ತು ಈ ಗಂಟೆಗಳೇ.

ಪದವಿ ಒಂದಾದರೂ ಕಚೇರಿ ಎರಡು. ಶಾಲೆಗೆ ಆ ರಾಜ್ಯದ ಶಿಕ್ಷಣ ಇಲಾಖೆಯ ಪ್ರಮಾಣಪತ್ರ, ಕ್ಲಿನಿಕ್ಕಿಗೆ ರಾಜ್ಯದ ಲೈಸೆನ್ಸಿಂಗ್ ಬೋರ್ಡು. ಲೈಸೆನ್ಸಿಗೆ ಪದವಿ ಆದ ಮೇಲೂ ಮೇಲ್ವಿಚಾರಣೆಯ ಗಂಟೆಗಳು ಬೇಕು, ರಾಜ್ಯಕ್ಕೊಂದು ಲೆಕ್ಕ. ಅಲ್ಲಿಂದ ಊರಿಗೆ ಮರಳಿದರೆ ಆ ಲೈಸೆನ್ಸು ಇಲ್ಲಿ ಆರ್‌ಸಿಐ ನೋಂದಣಿಯ ಬದಲಿಗೆ ನಡೆಯುವುದಿಲ್ಲ.

ನೀರ್ಚಾಲು_ಸೈಕಾಲಜಿ

ತುಂಬ ಉಪಕಾರ ಆಯಿತು. ಇನ್ನೊಂದು ಪ್ರಶ್ನೆ. ಮಗು ಹೇಳಿದ್ದನ್ನು ಗುಟ್ಟಾಗಿಡಬೇಕು ಎಂದು ಕ್ಲಿನಿಕಲ್ ಪೇಪರಿನಲ್ಲಿ ಕಲಿಸ್ತಾರೆ. ಶಾಲೆಯಲ್ಲಿ ಟೀಚರು, ತಂದೆತಾಯಿ, ಮ್ಯಾನೇಜ್‌ಮೆಂಟ್ ಎಲ್ಲರೂ ಕೇಳ್ತಾರಲ್ಲ?

ಅಡೂರು_ಬೆಟ್ಟ

ಎರಡು ತರಬೇತಿ ಒಂದಕ್ಕೊಂದು ಡಿಕ್ಕಿ ಹೊಡೆಯುವುದು ಇಲ್ಲೇ, ತಂಗಿ. ಗುಟ್ಟಿನ ಗಡಿಯನ್ನು ಮೊದಲ ದಿನವೇ, ಮಗು ಬಾಯಿ ಬಿಡುವ ಮೊದಲೇ ಹೇಳಬೇಕು. ಹೀಗೆ ಹೇಳಿ ನೋಡು: “ಇಲ್ಲಿ ಹೇಳಿದ್ದು ಇಲ್ಲೇ ಇರ್ತದೆ. ನಿನ್ನ ಜೀವಕ್ಕೆ ಅಪಾಯ ಇದ್ದರೆ, ನಿನ್ನಿಂದ ಬೇರೆಯವರಿಗೆ ಅಪಾಯ ಇದ್ದರೆ, ಯಾರಾದರೂ ನಿನ್ನ ಮೈಮೇಲೆ ಕೆಟ್ಟದಾಗಿ ಕೈ ಹಾಕಿದ್ದರೆ ಮಾತ್ರ ನಾನು ಬೇರೆಯವರಿಗೆ ಹೇಳಲೇಬೇಕು. ಹೇಳುವ ಮೊದಲು ನಿನಗೆ ತಿಳಿಸ್ತೇನೆ.”

ಮೂರನೆಯದು ಪೋಕ್ಸೋ, ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯ್ದೆ. 2012ರ ಕಾಯ್ದೆಯ 19ನೇ ಕಲಂ ಪ್ರಕಾರ ತಿಳಿದವರು ಯಾರೇ ಆಗಲಿ ಪೊಲೀಸರಿಗೆ ಅಥವಾ ವಿಶೇಷ ಬಾಲಾಪರಾಧಿ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಸಜೆ ಆಗಬಹುದು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಸದ್ಭಾವನೆಯಿಂದ ಮಾಹಿತಿ ಕೊಟ್ಟವರಿಗೆ ಅದೇ 19ನೇ ಕಲಂ ರಕ್ಷಣೆಯನ್ನೂ ಕೊಡ್ತದೆ. ‘ಮೊದಲು ಮ್ಯಾನೇಜರಿಗೆ ಹೇಳಿ, ಅವರು ನೋಡಿಕೊಳ್ತಾರೆ’ ಎಂಬ ಮಾತಿಗೆ ಕಾಯ್ದೆಯಲ್ಲಿ ಜಾಗ ಇಲ್ಲ. ಹದಿನೇಳರ ಹುಡುಗಿ ಪ್ರೀತಿಯ ಸಂಬಂಧ ಎಂದು ಹೇಳಿದರೂ 18 ತುಂಬದಿದ್ದರೆ ಇದೇ ಕಲಂ.

ಮಗು ಹೇಳಲಿಕ್ಕೆ ಶುರುಮಾಡಿದರೆ ವಿಚಾರಣೆ ಮಾಡಬೇಡ. ಯಾಕೆ, ಎಷ್ಟು ಸಲ, ಯಾಕೆ ಕೂಗಲಿಲ್ಲ ಎಂದು ಕೇಳಬಾರದು. ‘ಆಮೇಲೆ?’ ಎಂಬುದಕ್ಕಿಂತ ಹೆಚ್ಚು ಬೇಡ. ಮಗು ಬಳಸಿದ ಶಬ್ದವನ್ನೇ, ತುಳುವಾದರೆ ತುಳು, ಬ್ಯಾರಿಯಾದರೆ ಬ್ಯಾರಿ, ಹಾಗೇ ಕನ್ನಡ ಲಿಪಿಯಲ್ಲಿ ಬರೆ. ತಿದ್ದಬೇಡ, ಸಭ್ಯ ಶಬ್ದ ಹಾಕಬೇಡ. ತಾರೀಕು, ಹೊತ್ತು, ಸಹಿ. ಆರೋಪಿ ಎನ್ನುವವರನ್ನು ಕರೆಸಿ ಎದುರು ನಿಲ್ಲಿಸುವುದು ದೊಡ್ಡ ಅನ್ಯಾಯ, ಅಷ್ಟೇ ಅಲ್ಲ, ಕೇಸನ್ನೂ ಹಾಳುಮಾಡ್ತದೆ.

ನಮ್ಮ ಗಡಿಯಲ್ಲಿ ಬಹಳ ಬೇಕಾದದ್ದು ಇದೇ ಕಲಮಿನ ನಾಲ್ಕನೇ ಉಪಕಲಂ: ಬರೆದುಕೊಳ್ಳುವ ಭಾಷೆ ಮಗುವಿಗೆ ಅರ್ಥವಾಗದಿದ್ದರೆ ಅನುವಾದಕರನ್ನು ಕೊಡಬೇಕು. ಠಾಣೆಯಲ್ಲಿ ಬರೆಯುವುದು ಮಲಯಾಳದಲ್ಲಿ. ಕನ್ನಡದ ಮಗುವಿನ ಮಾತು ಅಲ್ಲಿಗೆ ಹೋಗುವಾಗ ಅನುವಾದಕರನ್ನು ಕೇಳಿ ಪಡೆಯಬೇಕು, ಕೇಳದಿದ್ದರೆ ಯಾರಿಗೂ ನೆನಪಾಗುವುದಿಲ್ಲ.

ಜೀವದ ಅಪಾಯದ ಬಗ್ಗೆ: ಸಾಯುವ ಯೋಚನೆ ಬಂದಿದೆಯಾ ಎಂದು ನೇರವಾಗಿ ಕೇಳಬೇಕು. ಕೇಳಿದರೆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಮಗುವನ್ನು ಒಂಟಿಯಾಗಿ ಬಿಡದೆ, ಮನೆಯವರನ್ನು ಕರೆಸಿ, ಕೈಗೆ ಒಪ್ಪಿಸಿ, ಅದೇ ದಿನ ಮನೋವೈದ್ಯರ ಹತ್ತಿರ ಕಳಿಸಬೇಕು. ಮನೆಯವರಿಗೆ ಹೇಳುವ ಮೊದಲ ಮಾತು ತೋಟದ ಔಷಧಿಯದ್ದು, ಅಂದರೆ ಕೀಟನಾಶಕದ್ದು. ಅಡಿಕೆ ತೋಟದ ಮನೆಗಳಲ್ಲಿ ಅದು ಕೊಟ್ಟಿಗೆಯಲ್ಲಿ ಕೈಗೆ ಸಿಗುವ ಹಾಗೆ ಇರ್ತದೆ. ಬೀಗ ಹಾಕಿ ಬೀಗದಕೈಯನ್ನು ದೊಡ್ಡವರ ಹತ್ತಿರ ಇಡಿಸಬೇಕು. ರಾತ್ರಿಗೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಬರೆದುಕೊಡು, ಕನ್ನಡದಲ್ಲೂ ಮಾತಾಡ್ತಾರೆ. ಮಕ್ಕಳ ಸಹಾಯವಾಣಿ 1098.

ಉಳಿದ ಎಲ್ಲದಕ್ಕೂ ಟೀಚರಿಗೆ ಕೊಡುವ ಉತ್ತರ ಒಂದೇ ವಾಕ್ಯ: ‘ಬಂದಿದ್ದಾಳೆ, ಮಾತಾಡ್ತಿದ್ದೇವೆ, ತರಗತಿಯಲ್ಲಿ ಮುಂದಿನ ಬೆಂಚಿನಲ್ಲಿ ಕೂರಿಸಿ.’ ಏನು ಮಾಡಬೇಕು ಎಂಬುದು ಅವರಿಗೆ, ಯಾಕೆ ಎಂಬುದು ನಿನಗೆ.

ಉಪ್ಪಳ_ಓದು

ಭಾಷೆಯ ಮಾತು ಬಂತಲ್ಲ, ಅದನ್ನೇ ಸ್ವಲ್ಪ ಬೆಳೆಸ್ತೇನೆ. ಪಿಜಿ ಮಾಡುವಾಗ ಇದನ್ನು ಯಾರೂ ಸಾಕಷ್ಟು ಕಲಿಸುವುದಿಲ್ಲ.

ಕನ್ನಡ ಮಾಧ್ಯಮದ ಒಂದೇ ತರಗತಿಯಲ್ಲಿ ತುಳು, ಹವ್ಯಕ, ಕರಾಡ ಮರಾಠಿ, ಕೊಂಕಣಿ, ಬ್ಯಾರಿ, ಮಲಯಾಳ ಮನೆಮಾತಿನ ಮಕ್ಕಳು ಇರ್ತಾರೆ. ಪ್ರಶ್ನಾವಳಿಯಲ್ಲಿ ‘ಖಿನ್ನತೆ’ ಎಂದು ಓದಿದರೆ ಅವರಿಗೆ ಅದು ಪಾಠಪುಸ್ತಕದ ಶಬ್ದ. ‘ತಲೆಬಿಸಿ’ ಎಂದರೆ ಗೊತ್ತು, ತುಳುವಿನ ‘ಮಂಡೆಬೆಚ್ಚ’ ಎಂದರೆ ಇನ್ನೂ ಗೊತ್ತು. ಆದರೆ ತಲೆಬಿಸಿ ಎಂದರೆ ಚಿಂತೆಯೂ ಹೌದು, ಸಿಟ್ಟೂ ಹೌದು. ಆದ್ದರಿಂದ ಹೌದು ಎಂದ ಮೇಲೆ ‘ಆಗ ಮೈಯಲ್ಲಿ ಎಂತ ಆಗ್ತದೆ, ನಿದ್ದೆ ಬರ್ತದಾ, ಊಟ ಸೇರ್ತದಾ’ ಎಂದು ಇಳಿದು ಕೇಳಬೇಕು.

ಮಕ್ಕಳ ಭಾವನೆ, ನಡವಳಿಕೆಯ ತೊಂದರೆ ಗುರುತಿಸುವ ಎಸ್‌ಡಿಕ್ಯೂ ಎಂಬ ಪ್ರಶ್ನಾವಳಿ ಕನ್ನಡದಲ್ಲೂ ಮಲಯಾಳದಲ್ಲೂ ಉಂಟು. 25 ಪ್ರಶ್ನೆ, ಐದೈದರ ಐದು ಭಾಗ. 11ರಿಂದ 17ರ ಮಕ್ಕಳು ತಾವೇ ತುಂಬಬಹುದು, ಟೀಚರಿಗೂ ತಂದೆತಾಯಿಗೂ ಬೇರೆ ಹಾಳೆ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಟೀಚರ ಹಾಳೆಯಲ್ಲಿ ಮಾತ್ರ ಅಂಕ ಜಾಸ್ತಿ ಬಂದಿದ್ದರೆ ತರಗತಿಯ ಭಾಷೆಯನ್ನು ಮೊದಲು ಸಂಶಯಿಸಿ. ಖಿನ್ನತೆಯ ಪ್ರಶ್ನಾವಳಿ ಪಿಎಚ್‌ಕ್ಯೂ-9ರಲ್ಲಿ 27ಕ್ಕೆ 10 ಅಥವಾ ಹೆಚ್ಚು ಬಂದರೆ ಮುಂದೆ ವಿಚಾರಿಸಬೇಕು ಎಂದು ಅರ್ಥ, ಕಾಯಿಲೆ ಉಂಟು ಎಂದಲ್ಲ. ಸಾಯುವ ಯೋಚನೆಯ ಬಗ್ಗೆ ಕೇಳುವ ಒಂಬತ್ತನೇ ಪ್ರಶ್ನೆಗೆ ಸೊನ್ನೆ ಬಿಟ್ಟು ಬೇರೇನೇ ಬಂದರೂ ಒಟ್ಟು ಅಂಕ ಎಷ್ಟೇ ಇರಲಿ, ಅಡೂರಿನವರು ಮೇಲೆ ಹೇಳಿದ ಹಾಗೆ ಅದೇ ದಿನ ಮಾತಾಡಿ.

ಬುದ್ಧಿಮತ್ತೆ ಪರೀಕ್ಷೆಗಳಲ್ಲಿ ಬಿನೆ-ಕಾಮತ್ ಪರೀಕ್ಷೆ ನಮಗೆ ಹತ್ತಿರದ್ದು, ವಿ.ವಿ. ಕಾಮತರು ಅದನ್ನು ಕನ್ನಡ ಮತ್ತು ಮರಾಠಿ ಮಕ್ಕಳ ಮೇಲೆಯೇ ರೂಪಿಸಿದವರು. ಆದರೆ ಆ ಕೆಲಸ 1930ರ ದಶಕದ್ದು. ಶಬ್ದಭಾಗದ ಅಂಕವನ್ನು ಈಗಿನ ಮಗುವಿಗೆ ಹಾಗೆಯೇ ಹಚ್ಚಬಾರದು.

ಕಲಿಕಾ ನ್ಯೂನತೆಯಲ್ಲಿ ತಪ್ಪುವುದು ಇನ್ನೊಂದು ಕಡೆ. ತುಳು ಮನೆಮಾತಿನ ಮಗು ಮಹಾಪ್ರಾಣ ಬಿಟ್ಟು ‘ದನ’ ‘ಧನ’ ಎರಡನ್ನೂ ಒಂದೇ ರೀತಿ ಬರೆಯುವುದು ಉಚ್ಚಾರದ ಪ್ರಭಾವ. ಒತ್ತಕ್ಷರ, ದೀರ್ಘ ಎರಡೂ ತಪ್ಪುತ್ತಿದ್ದು, ಮನೆಮಾತಿನಲ್ಲೂ ಪ್ರಾಸ ಹಿಡಿಯಲಾರದೆ, ಎರಡು ಮೂರು ತಿಂಗಳು ಬಿಡಿಯಾಗಿ ಕಲಿಸಿದರೂ ಮುಂದುವರಿಯದಿದ್ದರೆ ಆಗ ಪರೀಕ್ಷೆಗೆ ಕಳಿಸಿ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ಸಮಯ, ಬರೆಯುವವರ ನೆರವು ಬೇಕಾದರೆ ಮೆಡಿಕಲ್ ಬೋರ್ಡಿನ ಪ್ರಮಾಣಪತ್ರ ಬೇಕು. ಎಂಟನೇ ತರಗತಿಯಲ್ಲೇ ಕಳಿಸಿದರೆ ಸಮಯ ಸಿಗ್ತದೆ. ಹತ್ತರ ಜನವರಿಗೆ ಓಡಿದರೆ ಸಿಗುವುದಿಲ್ಲ.

ಬದಿಯಡ್ಕ_ಸಮಾಜಕಾರ್ಯ

ಒಂದು ಬಿಟ್ಟುಹೋಗಿತ್ತು. ಶಾಲೆಯಲ್ಲಿ ನೋಡುವ ಮಗುವನ್ನಾಗಲಿ ಅದರ ತಂದೆತಾಯಿಯನ್ನಾಗಲಿ ಸಂಜೆ ಸ್ವಂತ ಕೇಂದ್ರಕ್ಕೆ ಶುಲ್ಕ ತೆಗೆದುಕೊಂಡು ಕರೆಯಬಾರದು. ಎರಡೂ ಅರ್ಹತೆ ಇದ್ದವರಿಗೇ ಈ ಸೆಳೆತ ಹೆಚ್ಚು. ಬೇರೆ ಮೂವರ ಹೆಸರು ಬರೆದ ಪಟ್ಟಿಯನ್ನು ಮೊದಲೇ ಮಾಡಿಟ್ಟುಕೊಳ್ಳಿ: ಒಬ್ಬರು ಸರಕಾರಿ ಆಸ್ಪತ್ರೆಯವರು, ಒಬ್ಬರು ಕನ್ನಡ ಬಲ್ಲವರು, ಒಬ್ಬರು ಬಸ್ಸಿನ ದಾರಿಯಲ್ಲಿರುವವರು. ನಮ್ಮ ಒಳನಾಡಿನಲ್ಲಿ ಮೂರನೆಯದಿಲ್ಲದೆ ಮೊದಲ ಎರಡಕ್ಕೆ ಹೋಗಲಿಕ್ಕೇ ಆಗುವುದಿಲ್ಲ.

ಕುಂಬಳೆ_ಕಡಲು

ನೀರ್ಚಾಲಿನವರೇ, ಪ್ರವೇಶಕ್ಕೆ ಹೋಗುವ ದಿನ ವಿಭಾಗದಲ್ಲಿ ಮೂರು ಕೇಳಿಕೊಂಡು ಬನ್ನಿ: ಕ್ಷೇತ್ರಕಾರ್ಯಕ್ಕೆ ಕಾಸರಗೋಡಿನ ಶಾಲೆ ಒಪ್ಪುತ್ತಾರಾ, ಮೇಲ್ವಿಚಾರಕರಲ್ಲಿ ಆರ್‌ಸಿಐ ನೋಂದಣಿ ಇರುವವರು ಎಷ್ಟು ಮಂದಿ, ಕನ್ನಡದಲ್ಲಿ ನಡೆದ ಸೆಷನ್ನಿನ ಧ್ವನಿಮುದ್ರಣ ಕೇಳಿ ತಿದ್ದಬಲ್ಲವರು ಯಾರಾದರೂ ಇದ್ದಾರಾ. ಕೊನೆಯದಕ್ಕೆ ಇಲ್ಲ ಎಂದರೆ ಪ್ರತಿ ಸೆಷನ್ನನ್ನೂ ನೀವೇ ಇಂಗ್ಲಿಷಿಗೋ ಮಲಯಾಳಕ್ಕೋ ಬರೆದು ತೋರಿಸಬೇಕಾಗ್ತದೆ. ಅರ್ಧ ಗಂಟೆಯ ಮಾತಿಗೆ ಮೂರು ಗಂಟೆ ಬರವಣಿಗೆ ಎಂದು ಲೆಕ್ಕ ಇಟ್ಟುಕೊಳ್ಳಿ.